ಹೃದಯಕ್ಕೆ ಹಿತವಾದ ತಾಟು

ಪ್ರತಿಯೊಂದು ಧರ್ಮಕೇಂದ್ರದ ಕಚೇರಿಯಲ್ಲಿಯೂ ಮರಣ ದಾಖಲೆಯ ಪುಸ್ತಕವೊಂದು ಇರುತ್ತದೆ. ಹೆಸರು, ವಯಸ್ಸು, ಮರಣದ ಕಾರಣ, ಸಮಾಧಿಯ ದಿನಾಂಕ, ಗುರುಗಳ ಸಹಿ, ಇಷ್ಟೇ ಅದರಲ್ಲಿನ ವಿವರ. ಸೇಡಂ, ವಾಡಿ, ಶಹಾಬಾದ್, ಚಿತ್ತಾಪುರ, ಚಿಂಚೋಳಿ ಕಡೆಯ ಕುಟುಂಬಗಳ ನಡುವೆ ಸೇವೆ ಸಲ್ಲಿಸುತ್ತಾ ಇಂತಹ ಪುಸ್ತಕಗಳ ಪುಟಗಳನ್ನು ತಿರುವುವ ಅವಕಾಶ ನನಗೆ ಅನೇಕ ಬಾರಿ ಒದಗಿದೆ. ಹಳೆಯ ಪುಟಗಳಲ್ಲಿ ಜ್ವರದಿಂದ, ವಾಂತಿಭೇದಿಯಿಂದ ತೀರಿಕೊಂಡ ಹಸುಗೂಸುಗಳ ಹೆಸರುಗಳಿವೆ. ಆದುದರಿಂದ ಗತಕಾಲವನ್ನು ಸುವರ್ಣಯುಗವೆಂದು ಕರೆಯಲು ನನಗೆ ಮನಸ್ಸಿಲ್ಲ. ಆದರೆ ಬಾಲ್ಯವನ್ನು ದಾಟಿದವರು ಎಪ್ಪತ್ತು, ಎಂಬತ್ತರವರೆಗೂ ಬಾಳಿ, ‘ವೃದ್ಧಾಪ್ಯ’ ಎಂಬ ಒಂದೇ ಪದದೊಂದಿಗೆ ವಿದಾಯ ಹೇಳಿದ ಉದಾಹರಣೆಗಳೂ ಅಲ್ಲಿ ಬೇಕಾದಷ್ಟಿವೆ. ಇತ್ತೀಚಿನ ಪುಟಗಳಲ್ಲಿ ನನ್ನ ಕಣ್ಣನ್ನು ತಡೆದು ನಿಲ್ಲಿಸುವುದು ಬೇರೊಂದು ಪದ: ‘ಹೃದಯಾಘಾತ’. ಅದರ ಪಕ್ಕದಲ್ಲಿ ನಲವತ್ತನಾಲ್ಕು, ನಲವತ್ತೆಂಟು, ಐವತ್ತೊಂದು ಎಂಬ ವಯಸ್ಸುಗಳು.

ಇದು ಅಂಕಿಅಂಶಗಳ ಶಾಸ್ತ್ರವಲ್ಲವೆಂದು ನಾನು ಬಲ್ಲೆ. ಆದರೆ ಆ ಒಂದೊಂದು ಸಾಲಿನ ಹಿಂದೆಯೂ ಒಂದೊಂದು ಮನೆಯಿದೆ. ಕಲ್ಲಿನ ಗಣಿಯಲ್ಲಿ ದುಡಿಯುತ್ತಿದ್ದವನು, ಸಿಮೆಂಟ್ ಕಾರ್ಖಾನೆಯ ರಾತ್ರಿ ಪಾಳಿ ಮುಗಿಸಿ ಬಂದು ಮಲಗಿದವನು, ಮತ್ತೆ ಏಳಲಿಲ್ಲ. ಶಾಲೆಗೆ ಹೋಗುವ ಇಬ್ಬರು ಮಕ್ಕಳು, ತೀರದ ಸಾಲ, ದಿಕ್ಕುತೋಚದ ಹೆಂಡತಿ. ಸಮಾಧಿಯ ಮುಂದೆ ನಿಂತು ಸಾಂತ್ವನದ ಮಾತನಾಡುವಾಗಲೆಲ್ಲ ನನ್ನನ್ನು ಕಾಡುವ ಪ್ರಶ್ನೆಯೊಂದಿದೆ: ಇವುಗಳಲ್ಲಿ ಕೆಲವನ್ನಾದರೂ ತಡೆಯಬಹುದಿತ್ತಲ್ಲವೇ? ಗುರುಮಠದಲ್ಲಿ ನಾನು ಕಲಿತದ್ದು ತತ್ವಶಾಸ್ತ್ರವನ್ನೂ ದೈವಶಾಸ್ತ್ರವನ್ನೂ, ವೈದ್ಯಶಾಸ್ತ್ರವನ್ನಲ್ಲ. ಆದರೂ ವೈದ್ಯರಿಂದ ಕೇಳಿ, ಓದಿ ತಿಳಿದುಕೊಂಡದ್ದನ್ನು ನಮ್ಮ ಕುಟುಂಬಗಳೊಂದಿಗೆ ಹಂಚಿಕೊಳ್ಳುವುದು ನನ್ನ ಸೇವೆಯ ಒಂದು ಭಾಗವೆಂದೇ ಭಾವಿಸುತ್ತೇನೆ.

ಈ ಪ್ರಶ್ನೆಗೆ ಉತ್ತರ ಹುಡುಕಿದವರಲ್ಲಿ ಡಾ. ಸಲೀಂ ಯೂಸುಫ್ ಪ್ರಮುಖರು. ಕೇರಳದಲ್ಲಿ ಜನಿಸಿ, ಬೆಂಗಳೂರಿನ ಸಂತ ಜಾನರ ವೈದ್ಯಕೀಯ ಕಾಲೇಜಿನಲ್ಲಿ ಓದಿ, ಕೆನಡಾದಲ್ಲಿ ನೆಲೆಸಿದ ಅವರು 52 ದೇಶಗಳಲ್ಲಿ ನಡೆಸಿದ ‘ಇಂಟರ್‌ಹಾರ್ಟ್’ ಅಧ್ಯಯನವು 2004ರಲ್ಲಿ ಪ್ರಕಟವಾಯಿತು. ಮೊದಲ ಹೃದಯಾಘಾತಗಳ ಹೊರೆಯಲ್ಲಿ ಶೇಕಡ 90ರಷ್ಟಕ್ಕೆ ಒಂಬತ್ತು ಅಂಶಗಳೇ ಸಾಕ್ಷಿಯಾಗುತ್ತವೆ ಎಂಬುದು ಅದರ ಮುಖ್ಯ ಶೋಧನೆ. ರಕ್ತದ ಕೊಬ್ಬಿನ ಏರುಪೇರು, ಧೂಮಪಾನ, ರಕ್ತದೊತ್ತಡ, ಮಧುಮೇಹ, ಹೊಟ್ಟೆಯ ಬೊಜ್ಜು, ಮಾನಸಿಕ ಒತ್ತಡ. ಇವುಗಳ ಜೊತೆಗೆ ಹಣ್ಣು ತರಕಾರಿಗಳ ಕೊರತೆ, ಮದ್ಯಸೇವನೆಯ ರೂಢಿ, ದೇಹಶ್ರಮದ ಅಭಾವ. ಅದೇ ಅಧ್ಯಯನವು ಮತ್ತೊಂದು ಕಹಿಸತ್ಯವನ್ನೂ ಹೊರಗೆಡಹಿತು. ದಕ್ಷಿಣ ಏಷ್ಯಾದ ಜನರಿಗೆ ಮೊದಲ ಹೃದಯಾಘಾತವಾಗುವ ನಡುವಯಸ್ಸು 53. ಇತರ ದೇಶಗಳವರಿಗಿಂತ ಐದಾರು ವರ್ಷ ಮೊದಲೇ ಅದು ನಮ್ಮ ಬಾಗಿಲು ತಟ್ಟುತ್ತದೆ. ನಾನೀಗ ಆ ವಯಸ್ಸಿನ ಆಸುಪಾಸಿನಲ್ಲಿಯೇ ಇದ್ದೇನೆ. ಈ ಲೇಖನವನ್ನು ಓದುತ್ತಿರುವ ಅನೇಕ ತಂದೆತಾಯಂದಿರೂ ಇರಬಹುದು.

ಹಾಗಾದರೆ ಕೊಲೆಸ್ಟರಾಲ್ ಎಂದರೇನು? ಅದು ವಿಷವಲ್ಲ. ದೇಹದ ಪ್ರತಿಯೊಂದು ಜೀವಕೋಶದ ಹೊರಪದರಕ್ಕೂ, ಪಿತ್ತರಸಕ್ಕೂ, ಕೆಲವು ಹಾರ್ಮೋನುಗಳಿಗೂ ಬೇಕಾದ ಮೇಣದಂತಹ ವಸ್ತು. ಅದರ ಬಹುಪಾಲನ್ನು ನಮ್ಮ ದೇಹವೇ ತಯಾರಿಸುತ್ತದೆ. ಆಹಾರದಿಂದ ನೇರವಾಗಿ ಬರುವುದು ಕಡಿಮೆ. ನೀರಿನಂತಹ ರಕ್ತದಲ್ಲಿ ಅದು ಕರಗದ ಕಾರಣ ಸಣ್ಣ ಸಣ್ಣ ಕಣಗಳಲ್ಲಿ ತುಂಬಿಕೊಂಡು ಸಂಚರಿಸುತ್ತದೆ. ಅವುಗಳಲ್ಲಿ ಎಲ್‌ಡಿಎಲ್ ಎಂಬ ಕಣಗಳು ಹೆಚ್ಚಾದಾಗ ಅಪಧಮನಿಗಳ ಒಳಗೋಡೆಯಲ್ಲಿ ಸೇರಿಕೊಂಡು, ವರ್ಷಗಳು ಕಳೆದಂತೆ ಗಡ್ಡೆ ಕಟ್ಟುತ್ತವೆ. ಒಂದು ದಿನ ಆ ಗಡ್ಡೆ ಬಿರಿದು, ಅದರ ಮೇಲೆ ರಕ್ತ ಹೆಪ್ಪುಗಟ್ಟಿ, ಹೃದಯದ ಸ್ನಾಯುವಿಗೆ ರಕ್ತ ನಿಂತುಹೋಗುತ್ತದೆ. ನಾವು ಹೃದಯಾಘಾತವೆನ್ನುವುದು ಇದನ್ನೇ.

ಈ ಎಲ್‌ಡಿಎಲ್ ಕಣಗಳನ್ನು ರಕ್ತದಿಂದ ಹಿಡಿದು ಒಳಗೆಳೆದುಕೊಳ್ಳುವ ಕೊಂಡಿಗಳು ಯಕೃತ್ತಿನ ಜೀವಕೋಶಗಳ ಮೇಲಿವೆ. ಈ ರಹಸ್ಯವನ್ನು ಬಿಡಿಸಿದ ಮೈಕೆಲ್ ಬ್ರೌನ್ ಮತ್ತು ಜೋಸೆಫ್ ಗೋಲ್ಡ್‌ಸ್ಟೀನ್ ಅವರಿಗೆ 1985ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ಆಹಾರದ ಪ್ರಭಾವವನ್ನು ತಿಳಿಯಲು ಈ ಕೊಂಡಿಗಳೇ ಕೀಲಿಕೈ. ಬೆಣ್ಣೆ, ತುಪ್ಪ, ಮಾಂಸದ ಕೊಬ್ಬು, ತಾಳೆ ಎಣ್ಣೆ ಇವುಗಳಲ್ಲಿರುವ ಸಂತೃಪ್ತ ಕೊಬ್ಬು ಆ ಕೊಂಡಿಗಳ ಕೆಲಸವನ್ನು ಕುಗ್ಗಿಸುತ್ತದೆ. ಆಗ ಎಲ್‌ಡಿಎಲ್ ರಕ್ತದಲ್ಲಿಯೇ ಉಳಿಯುತ್ತದೆ. ಕಾಳು, ತರಕಾರಿಗಳಲ್ಲಿರುವ ಕರಗುವ ನಾರು ಕರುಳಿನಲ್ಲಿ ಪಿತ್ತರಸವನ್ನು ಹಿಡಿದು ಹೊರಸಾಗಿಸುತ್ತದೆ. ಹೊಸ ಪಿತ್ತರಸಕ್ಕಾಗಿ ಯಕೃತ್ತು ರಕ್ತದಿಂದಲೇ ಕೊಲೆಸ್ಟರಾಲನ್ನು ಸೆಳೆದುಕೊಳ್ಳಬೇಕಾಗುತ್ತದೆ. ಇನ್ನು ಮೈದಾ, ಸಕ್ಕರೆ, ಹೆಚ್ಚಾದ ಬಿಳಿ ಅನ್ನ ಇವು ಟ್ರೈಗ್ಲಿಸರೈಡ್ ಎಂಬ ಕೊಬ್ಬನ್ನು ಏರಿಸಿ, ರಕ್ಷಣೆಯ ಸೂಚಕವಾದ ಎಚ್‌ಡಿಎಲನ್ನು ಇಳಿಸುತ್ತವೆ. ಭಾರತೀಯರಲ್ಲಿ ಬಹಳವಾಗಿ ಕಾಣುವ ದೋಷ ಈ ಎರಡನೆಯ ಬಗೆಯದೇ. ಆದಕಾರಣ “ನಾವು ಮಾಂಸ ಮುಟ್ಟುವುದಿಲ್ಲ, ನಮಗೇನು ಭಯ?” ಎನ್ನುವ ಸಸ್ಯಾಹಾರಿ ನೆರೆಯವರೂ ನಿಶ್ಚಿಂತರಾಗಿರುವಂತಿಲ್ಲ.

ಈ ಹಿನ್ನೆಲೆಯಲ್ಲಿ ನಮ್ಮ ಸೀಮೆಯ ತಾಟನ್ನೊಮ್ಮೆ ನೋಡೋಣ. ಮನೆಭೇಟಿಗೆ ಹೋದಾಗ ಒಬ್ಬ ಅಜ್ಜಿ ನನಗಾಗಿ ಪೂರಿ ಕರಿಯುತ್ತಿದ್ದರು. ಒಲೆಯ ಬದಿಯಲ್ಲಿ ಬಿಸಿ ರೊಟ್ಟಿಗಳ ಅಟ್ಟಿಯೇ ಇತ್ತು. “ನನಗೂ ರೊಟ್ಟಿನೇ ಕೊಡ್ರಿ ಅವ್ವಾ” ಎಂದೆ. ಅವರು ಸಂಕೋಚದಿಂದ, “ರೊಟ್ಟಿ ಬಡವರ ಊಟ ಬಿಡ್ರಿ ಫಾದರ್. ನೀವು ಮನಿಗಿ ಬಂದೀರಿ, ನಿಮಗ ರೊಟ್ಟಿ ಹ್ಯಾಂಗ ಕೊಡ್ಲಿ?” ಎಂದರು. ಆ ಮಾತು ನನ್ನ ಮನಸ್ಸಿನಲ್ಲಿ ಆಳವಾಗಿ ಉಳಿದಿದೆ. ತಲೆತಲಾಂತರದಿಂದ ನಮ್ಮನ್ನು ಸಾಕಿದ ಅನ್ನದ ಬಗ್ಗೆಯೇ ನಾಚಿಕೆಪಡುವಂತೆ ನಮಗೆ ಕಲಿಸಿದವರು ಯಾರು?

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯು 2017ರಲ್ಲಿ ಪ್ರಕಟಿಸಿದ ಆಹಾರ ಕೋಷ್ಟಕದ ಪ್ರಕಾರ ನೂರು ಗ್ರಾಂ ಜೋಳದಲ್ಲಿ ಸುಮಾರು 10 ಗ್ರಾಂ ನಾರಿದೆ. ಪಾಲಿಶ್ ಮಾಡಿದ ಅಕ್ಕಿಯಲ್ಲಿ 3 ಗ್ರಾಂಗೂ ಕಡಿಮೆ. ತೊಗರಿಬೇಳೆಯಲ್ಲಿ ಸುಮಾರು 9 ಗ್ರಾಂ ನಾರು, ಜೊತೆಗೆ 21 ಗ್ರಾಂ ಪ್ರೋಟೀನು. 2019ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಪಡೆದ ಗುಲಬರ್ಗಾ ತೊಗರಿ ನಮ್ಮ ಹೊಲಗಳದ್ದೇ. ಸೇಡಮ್ಮಿನಿಂದ ಬಹುದೂರವಲ್ಲದ ಪಟಾಂಚೆರುವಿನ ಇಕ್ರಿಸ್ಯಾಟ್ ಸಂಸ್ಥೆಯ ವಿಜ್ಞಾನಿಗಳು ಜೋಳ ಮತ್ತು ಸಿರಿಧಾನ್ಯಗಳ ಬಗೆಗಿನ 19 ಅಧ್ಯಯನಗಳನ್ನು ಒಟ್ಟುಗೂಡಿಸಿ 2021ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯಲ್ಲಿ, ಅವುಗಳನ್ನು ಉಂಡವರ ಒಟ್ಟು ಕೊಲೆಸ್ಟರಾಲ್ ಸರಾಸರಿ ಶೇಕಡ 8ರಷ್ಟು ಇಳಿದುದು ಕಂಡುಬಂದಿತು. ಅಧ್ಯಯನಕ್ಕೆ ಒಳಪಟ್ಟವರು ಸಾವಿರಕ್ಕೂ ಕಡಿಮೆ; ಹಾಗಾಗಿ ಇದನ್ನು ಪವಾಡವೆಂದು ಸಾರಬೇಕಿಲ್ಲ, ಒಳ್ಳೆಯ ಸೂಚನೆಯೆಂದು ತಿಳಿದರೆ ಸಾಕು.

ರೊಟ್ಟಿಯ ಪಕ್ಕದಲ್ಲಿ ಪುಂಡಿಪಲ್ಯ, ಮೆಂತ್ಯಸೊಪ್ಪು, ಹಸಿ ಉಳ್ಳಾಗಡ್ಡಿ, ಮಜ್ಜಿಗೆ. ಒಂದು ಚಮಚ ಅಗಸಿ ಹಿಂಡಿ. ಈ ಅಗಸಿಯನ್ನು ಕುರಿತು ಎರಡು ಮಾತು ಹೇಳಲೇಬೇಕು. ಅದರ ಎಣ್ಣೆಯಲ್ಲಿ ಅರ್ಧಕ್ಕೂ ಹೆಚ್ಚು ಒಮೆಗಾ-3 ವರ್ಗದ ಕೊಬ್ಬು. ಜೊತೆಗೆ ಅಂಟಾದ ಕರಗುವ ನಾರು. ಇಡೀ ಕಾಳನ್ನು ನುಂಗಿದರೆ ಅದು ಜೀರ್ಣವಾಗದೆ ಹೊರಹೋಗುತ್ತದೆ. ಹುರಿದು ಕುಟ್ಟಿದಾಗಲೇ ಅದರ ಸತ್ವ ದೊರೆಯುವುದು. ವಿಜ್ಞಾನಿಗಳು ಇಂದು ಹೇಳುವುದನ್ನು ನಮ್ಮ ಅಜ್ಜಿಯರ ಒರಳು ಎಂದೋ ಅರಿತಿತ್ತು. ಆದರೆ ಹಿಂಡಿಗೆ, ಉಪ್ಪಿನಕಾಯಿಗೆ, ಹಪ್ಪಳಕ್ಕೆ ನಾವು ಸುರಿಯುವ ಉಪ್ಪಿನ ಬಗ್ಗೆ ಎಚ್ಚರ ಬೇಕು. ದಿನಕ್ಕೆ 5 ಗ್ರಾಂಗಿಂತ ಕಡಿಮೆ, ಅಂದರೆ ಒಂದು ಟೀ ಚಮಚದೊಳಗೆ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಮಿತಿ. ಉಪ್ಪು ಕೊಲೆಸ್ಟರಾಲನ್ನು ಏರಿಸದು, ರಕ್ತದೊತ್ತಡವನ್ನು ಏರಿಸುತ್ತದೆ; ಹೃದಯಕ್ಕೆ ಎರಡೂ ಶತ್ರುಗಳೇ.

ಈ ತಾಟು ಬದಲಾದದ್ದು ಹೇಗೆ? 2013ರಲ್ಲಿ ಅನ್ನಭಾಗ್ಯ ಯೋಜನೆ ಬಂದಾಗ ಹಸಿದ ಮನೆಗಳಿಗೆ ಅಕ್ಕಿ ಬಂದಿತು. ಹಸಿವನ್ನು ನೀಗಿಸಿದ ಆ ಅಕ್ಕಿಯನ್ನು ನಾನು ದೂಷಿಸಲಾರೆ. ಆದರೆ ಬೆಳಗಿನ ಚಿತ್ರಾನ್ನ, ಮಧ್ಯಾಹ್ನದ ಅನ್ನ, ರಾತ್ರಿಯ ಅನ್ನ, ನಡುವೆ ಮಿರ್ಚಿ ಭಜಿ, ಬೇಕರಿಯ ಖಾರಿ, ದಿನಕ್ಕೆ ಐದಾರು ಕಪ್ಪು ಸಕ್ಕರೆ ಚಹ ಎಂಬ ಕ್ರಮದಲ್ಲಿ ರೊಟ್ಟಿ ಮೂಲೆಗುಂಪಾಯಿತು. ಮನೆಯ ಕುಸುಬಿ ಎಣ್ಣೆಯ ಜಾಗಕ್ಕೆ ಅಗ್ಗದ ತಾಳೆ ಎಣ್ಣೆಯ ಪ್ಯಾಕೆಟ್ ಬಂದಿತು. ಅದರಲ್ಲಿ ಸುಮಾರು ಅರ್ಧ ಭಾಗ ಸಂತೃಪ್ತ ಕೊಬ್ಬು. ಹೊಲಕ್ಕೆ ನಡೆಯುತ್ತಿದ್ದ ಕಾಲುಗಳು ಬೈಕನ್ನೇರಿದವು. ಡಾಲ್ಡಾದಂತಹ ವನಸ್ಪತಿಯಲ್ಲಿದ್ದ ಟ್ರಾನ್ಸ್ ಕೊಬ್ಬು ಎಲ್ಲಕ್ಕಿಂತ ಘಾತಕ. ಅದು ಎಲ್‌ಡಿಎಲನ್ನು ಏರಿಸುವುದಲ್ಲದೆ ಎಚ್‌ಡಿಎಲನ್ನೂ ಇಳಿಸುತ್ತದೆ. ಎಣ್ಣೆ ಮತ್ತು ಕೊಬ್ಬುಗಳಲ್ಲಿ ಅದು ಶೇಕಡ 2ನ್ನು ಮೀರಬಾರದೆಂಬ ನಿಯಮ ನಮ್ಮ ದೇಶದಲ್ಲಿ 2022ರ ಜನವರಿಯಿಂದ ಜಾರಿಯಲ್ಲಿದೆ. ಆದರೆ ಬಾಣಲೆಯಲ್ಲಿ ಮತ್ತೆ ಮತ್ತೆ ಕಾಯಿಸಿ ಕಪ್ಪಾದ ಎಣ್ಣೆಯನ್ನು ತಡೆಯಬೇಕಾದವರು ಮಾರುವವರು ಮತ್ತು ಕೊಳ್ಳುವ ನಾವು.

ವಾಡಿಯಂತಹ ರೈಲ್ವೆ ಊರಿನ ಓದುಗರಿಗೆ ಒಂದು ಹಳೆಯ ಅಧ್ಯಯನ ಆಸಕ್ತಿಯನ್ನು ಉಂಟುಮಾಡಬಹುದು. ರೈಲ್ವೆಯ ವೈದ್ಯರಾಗಿದ್ದ ಡಾ. ಎಸ್. ಎಲ್. ಮಲ್ಹೋತ್ರಾ ಅವರು ದೇಶದಾದ್ಯಂತದ ಲಕ್ಷಾಂತರ ರೈಲ್ವೆ ನೌಕರರ ಮರಣಗಳನ್ನು ಪರಿಶೀಲಿಸಿ 1967ರಲ್ಲಿ ವರದಿ ಪ್ರಕಟಿಸಿದರು. ದಕ್ಷಿಣದ ನೌಕರರಲ್ಲಿ ಹೃದ್ರೋಗದ ಸಾವು ಉತ್ತರದವರಿಗಿಂತ ಸುಮಾರು ಏಳು ಪಟ್ಟು ಹೆಚ್ಚಾಗಿತ್ತು. ಹಾಲು, ಮೊಸರು, ತುಪ್ಪಗಳ ಕೊಬ್ಬನ್ನು ಹಲವು ಪಟ್ಟು ಹೆಚ್ಚು ತಿನ್ನುತ್ತಿದ್ದವರು ಉತ್ತರದವರು! ಇದರಿಂದ ತುಪ್ಪವೇ ಔಷಧವೆಂದು ತೀರ್ಮಾನಿಸುವುದು ಆತುರವಾದೀತು. ದುಡಿಮೆ, ಧಾನ್ಯ, ಧೂಮಪಾನ, ಜೀವನಕ್ರಮ ಎಲ್ಲವೂ ಎರಡೂ ಕಡೆ ಒಂದೇ ಆಗಿರಲಿಲ್ಲ. ಆದರೆ ಒಂದೇ ಒಂದು ಪದಾರ್ಥವನ್ನು ಅಪರಾಧಿಯೆಂದು ಕಟಕಟೆಯಲ್ಲಿ ನಿಲ್ಲಿಸಬಾರದೆಂಬ ಪಾಠವನ್ನು ಅದು ಅಂದೇ ಕಲಿಸಿತು.

ಅದರಂತೆಯೇ ಒಂದೇ ಪದಾರ್ಥವನ್ನು ಉದ್ಧಾರಕನೆಂದು ಪೂಜಿಸಲೂಬಾರದು. ಆಸ್ಟ್ರೇಲಿಯಾದ ಸಿಡ್ನಿಯಲ್ಲಿ 1966ರಿಂದ 1973ರವರೆಗೆ 458 ಹೃದ್ರೋಗಿಗಳ ಮೇಲೆ ಒಂದು ಪ್ರಯೋಗ ನಡೆಯಿತು. ಅರ್ಧದಷ್ಟು ಜನರಿಗೆ ಪ್ರಾಣಿಜನ್ಯ ಕೊಬ್ಬಿನ ಬದಲು ಕುಸುಬಿ ಎಣ್ಣೆಯನ್ನೂ ಅದರಿಂದ ಮಾಡಿದ ಮಾರ್ಗರೀನನ್ನೂ ಕೊಟ್ಟರು. ಕೊಲೆಸ್ಟರಾಲ್ ಇಳಿಯಿತು; ಆದರೆ ಸಾವುಗಳು ಹೆಚ್ಚಾದವು. ಹೃದ್ರೋಗದ ಸಾವುಗಳ ಪೂರ್ಣ ಲೆಕ್ಕ ಹೊರಬಂದದ್ದು 2013ರಲ್ಲಿ. ಮಾರ್ಗರೀನಿನ ಟ್ರಾನ್ಸ್ ಕೊಬ್ಬು ಕಾರಣವೋ, ಒಂದೇ ಬಗೆಯ ಎಣ್ಣೆಯ ಅತಿಯಾದ ಪ್ರಮಾಣ ಕಾರಣವೋ ಎಂಬ ಚರ್ಚೆ ಇಂದಿಗೂ ಇದೆ. ಬೆಣ್ಣೆ, ತುಪ್ಪಗಳ ಬದಲು ಸಸ್ಯಜನ್ಯ ಎಣ್ಣೆ ಹಿತವೆಂದೇ ಒಟ್ಟಾರೆ ಸಾಕ್ಷ್ಯಗಳು ಹೇಳುತ್ತವೆ. ಆದರೆ ಕುಸುಬಿ ಬೆಳೆಯುವ ಸೀಮೆಯವರಾದ ನಾವು ನೆನಪಿಡಬೇಕಾದದ್ದು ಇಷ್ಟು: ಎಣ್ಣೆಯ ಹೆಸರಿನಷ್ಟೇ ಅದರ ಅಳತೆಯೂ ಮುಖ್ಯ. ಶೇಂಗಾ, ಕುಸುಬಿ ಎಣ್ಣೆಗಳನ್ನು ಬದಲಿಸುತ್ತಾ ಮಿತವಾಗಿ ಬಳಸುವುದು ಜಾಣತನ. 2024ರಲ್ಲಿ ರಾಷ್ಟ್ರೀಯ ಪೋಷಣಾ ಸಂಸ್ಥೆ ಸೂಚಿಸಿದ ಮಾದರಿ ತಾಟಿನಲ್ಲಿ ಒಬ್ಬರಿಗೆ ದಿನಕ್ಕೆ ಎಣ್ಣೆ 27 ಗ್ರಾಂ, ತರಕಾರಿ 400 ಗ್ರಾಂ. ನಮ್ಮ ಅನೇಕ ಮನೆಗಳಲ್ಲಿ ಎಣ್ಣೆಗೆ ಅಳತೆಯಿಲ್ಲ, ತರಕಾರಿಗೆ ಜಾಗವಿಲ್ಲ.

ಪದಾರ್ಥವನ್ನಲ್ಲದೆ ಊಟದ ಇಡೀ ಕ್ರಮವನ್ನು ಪರೀಕ್ಷಿಸಿದ ಪ್ರಯೋಗಗಳೇ ಹೆಚ್ಚು ಫಲ ಕೊಟ್ಟಿವೆ. ಸ್ಪೇನಿನಲ್ಲಿ 7,447 ಜನರ ಮೇಲೆ ನಡೆದು 2013ರಲ್ಲಿ ಪ್ರಕಟವಾದ, ಲೋಪಗಳನ್ನು ತಿದ್ದಿ 2018ರಲ್ಲಿ ಮರುಪ್ರಕಟವಾದ ಅಧ್ಯಯನದಲ್ಲಿ, ಆಲಿವ್ ಎಣ್ಣೆ ಅಥವಾ ಬೀಜಕಾಯಿಗಳ ಜೊತೆಗೆ ಕಾಳು, ತರಕಾರಿ, ಹಣ್ಣು, ಮೀನು ಸೇರಿದ ಮೆಡಿಟರೇನಿಯನ್ ಊಟ ಉಂಡವರಲ್ಲಿ ಹೃದಯಾಘಾತ, ಪಾರ್ಶ್ವವಾಯು ಮೊದಲಾದವು ಸುಮಾರು ಶೇಕಡ 30ರಷ್ಟು ಕಡಿಮೆಯಾದವು. ಕೆನಡಾದ ಡೇವಿಡ್ ಜೆಂಕಿನ್ಸ್ ಅವರು ಓಟ್ಸ್, ಬಾರ್ಲಿ, ಸೋಯಾ, ಬಾದಾಮಿ, ಬದನೆ, ಬೆಂಡೆ ಇವುಗಳನ್ನು ಜೋಡಿಸಿದ ಊಟವನ್ನು 2003ರಲ್ಲಿ ಪರೀಕ್ಷಿಸಿದಾಗ ಎಲ್‌ಡಿಎಲ್ ಒಂದೇ ತಿಂಗಳಲ್ಲಿ ಶೇಕಡ 28ಕ್ಕೂ ಹೆಚ್ಚು ಇಳಿಯಿತು. ಆದರೆ ಜನರು ತಮ್ಮ ತಮ್ಮ ಮನೆಗಳಲ್ಲಿ ಆರು ತಿಂಗಳು ಅನುಸರಿಸಿದಾಗ ಇಳಿಕೆ ಸುಮಾರು ಶೇಕಡ 13 ಮಾತ್ರ. ಪ್ರಯೋಗಾಲಯದ ಶಿಸ್ತು ಅಡುಗೆಮನೆಯಲ್ಲಿ ಅರ್ಧದಷ್ಟಾದರೂ ಉಳಿಯಿತೆಂಬುದು ಸಮಾಧಾನದ ಸಂಗತಿ. ಎಣ್ಣೆ ಮಿತವಾಗಿದ್ದರೆ ನಮ್ಮ ಬದನೆಪಲ್ಯವೂ ಈ ಪಟ್ಟಿಯಲ್ಲಿದೆ ಎಂಬುದು ಸಂತೋಷದ ಸಂಗತಿ!

ನನಗೆ ಅತ್ಯಂತ ಪ್ರಿಯವಾದ ಉದಾಹರಣೆ ಫಿನ್ಲೆಂಡಿನದು. ಬೆಣ್ಣೆ ಮತ್ತು ಹಂದಿಮಾಂಸದ ನಾಡಾದ ಉತ್ತರ ಕರೇಲಿಯಾದಲ್ಲಿ ಗಂಡಸರು ನಡುವಯಸ್ಸಿನಲ್ಲಿಯೇ ಹೃದಯಾಘಾತದಿಂದ ಸಾಯುತ್ತಿದ್ದರು. 1972ರಲ್ಲಿ ಪೆಕ್ಕ ಪುಸ್ಕ ಎಂಬ ಯುವ ವೈದ್ಯರ ನೇತೃತ್ವದಲ್ಲಿ ಕೆಲಸ ಪ್ರಾರಂಭವಾಯಿತು. ಅವರಿಗೆ ಕೈಜೋಡಿಸಿದ್ದು ಮಾರ್ತಾ ಎಂಬ ಹೆಸರಿನ ಗೃಹಿಣಿಯರ ಸಂಘ. ಅವರು ಹಳ್ಳಿ ಹಳ್ಳಿಗಳಲ್ಲಿ ಸೇರಿ, ಹಳೆಯ ಅಡುಗೆಗಳನ್ನೇ ಕಡಿಮೆ ಕೊಬ್ಬು, ಕಡಿಮೆ ಉಪ್ಪು, ಹೆಚ್ಚು ತರಕಾರಿಯೊಂದಿಗೆ ಮಾಡಿ ಬಡಿಸಿ ತೋರಿಸಿದರು. ನಾಲ್ಕು ದಶಕಗಳಲ್ಲಿ ಅಲ್ಲಿನ ದುಡಿಯುವ ವಯಸ್ಸಿನ ಗಂಡಸರ ಹೃದ್ರೋಗದ ಮರಣ ಶೇಕಡ 80ಕ್ಕೂ ಹೆಚ್ಚು ಇಳಿಯಿತು. ಊಟದ ಜೊತೆಗೆ ಧೂಮಪಾನದ ಇಳಿಕೆಯೂ ಚಿಕಿತ್ಸೆಯ ಸುಧಾರಣೆಯೂ ಇದರಲ್ಲಿ ಪಾಲುಗೊಂಡಿವೆ. ಆದರೆ ಒಂದು ಸಮುದಾಯ ತನ್ನ ತಾಟನ್ನು ತಾನೇ ಬದಲಿಸಿಕೊಳ್ಳಬಲ್ಲದೆಂದು ಆ ಸ್ತ್ರೀಯರು ಜಗತ್ತಿಗೆ ತೋರಿಸಿಕೊಟ್ಟರು. ನಮ್ಮ ಧರ್ಮಕೇಂದ್ರಗಳ ಮಹಿಳಾ ಸಂಘಗಳು ಇದನ್ನು ಮಾಡಲಾರವೇ?

“ಫಾದರ್, ತತ್ತಿ ತಿನ್ನಬಹುದೇನ್ರಿ? ಕ್ರಿಸ್ಮಸ್ಸಿಗೆ ಮಟನ್ ಬ್ಯಾಡೇನ್ರಿ?” ಎಂದು ಅನೇಕರು ಕೇಳುತ್ತಾರೆ. ಒಂದು ಮೊಟ್ಟೆಯಲ್ಲಿ ಸುಮಾರು 200 ಮಿಲಿಗ್ರಾಂ ಕೊಲೆಸ್ಟರಾಲ್ ಇದ್ದರೂ, ಆರೋಗ್ಯವಂತರ ರಕ್ತದಲ್ಲಿ ಅದು ಮಾಡುವ ಏರಿಕೆ ಅಲ್ಪ. ಮಧುಮೇಹಿಗಳು ಮತ್ತು ಈಗಾಗಲೇ ಹೃದ್ರೋಗವಿರುವವರು ವೈದ್ಯರನ್ನು ಕೇಳಿ ಮಿತಿ ಹಾಕಿಕೊಳ್ಳಲಿ. ಹಬ್ಬದ ಮಾಂಸ ಹಬ್ಬಕ್ಕಿರಲಿ. ಕೊಬ್ಬನ್ನು ಕತ್ತರಿಸಿ ತೆಗೆದು ಬೇಯಿಸಿರಿ. ಪ್ರತಿ ಭಾನುವಾರವೂ ಕ್ರಿಸ್ಮಸ್ ಆದರೆ ಮಾತ್ರ ಚಿಂತೆ. ಬೀಡಿ, ಸಿಗರೇಟು, ಗುಟ್ಕಾ ಬಿಡದೆ ರೊಟ್ಟಿ ಮಾತ್ರ ಉಂಡರೆ ಪ್ರಯೋಜನವಿಲ್ಲವೆಂಬುದನ್ನೂ ಹೇಳಲೇಬೇಕು.

ಊಟದಿಂದ ಎಷ್ಟು ಸಾಧ್ಯ, ಎಷ್ಟು ಅಸಾಧ್ಯ ಎಂಬುದಕ್ಕೆ ನನ್ನ ದೇಹವೇ ಒಂದು ಸಣ್ಣ ನಿದರ್ಶನ. ಒಂದು ತಪಾಸಣೆಯಲ್ಲಿ ನನ್ನ ಎಲ್‌ಡಿಎಲ್ 158 ಇತ್ತು. ವೈದ್ಯರ ಸಲಹೆಯಂತೆ ರಾತ್ರಿಯ ಅನ್ನದ ಬದಲು ರೊಟ್ಟಿ, ಬೇಳೆ, ಸೊಪ್ಪು, ಚಹಕ್ಕೆ ಸಕ್ಕರೆಯಿಲ್ಲ, ನಮ್ಮ ಬಿಸಿಲು ಏರುವ ಮೊದಲೇ ಮುಂಜಾನೆ ಮುಕ್ಕಾಲು ಗಂಟೆಯ ನಡಿಗೆ. ಮೂರು ತಿಂಗಳ ನಂತರ ಅದು 136ಕ್ಕೆ ಇಳಿಯಿತು. ವೈದ್ಯರು ಮೆಚ್ಚಿದರು, ಆದರೂ ಮಾತ್ರೆ ಬರೆದರು. ನನ್ನ ತಂದೆ ಹೃದಯಾಘಾತದಿಂದಲೇ ತೀರಿಕೊಂಡವರು. ನನಗೆ ರಕ್ತದೊತ್ತಡವೂ ಇದೆ. 2024ರಲ್ಲಿ ಭಾರತೀಯ ಹೃದ್ರೋಗ ತಜ್ಞರ ಸಂಘ ಹೊರಡಿಸಿದ ಮಾರ್ಗಸೂಚಿಯಂತೆ ಅಪಾಯ ಕಡಿಮೆಯಿರುವವರಿಗೆ ಎಲ್‌ಡಿಎಲ್ 100ಕ್ಕಿಂತ, ಹೆಚ್ಚಿರುವವರಿಗೆ 70ಕ್ಕಿಂತ, ಹೃದಯಾಘಾತವಾದವರಂತಹ ಅತಿ ಅಪಾಯದವರಿಗೆ 55ಕ್ಕಿಂತ ಕೆಳಗಿರಬೇಕು. ಈಗ ಪ್ರತಿ ರಾತ್ರಿ ಸ್ಟ್ಯಾಟಿನ್ ಮಾತ್ರೆ ನುಂಗುತ್ತೇನೆ, ರೊಟ್ಟಿಯನ್ನೂ ಬಿಟ್ಟಿಲ್ಲ. ಒಂದು ಇನ್ನೊಂದಕ್ಕೆ ಬದಲಿಯಲ್ಲ. ಊಟದ ಪಥ್ಯ ಹಿಡಿದೆವೆಂದು ವೈದ್ಯರನ್ನು ಕೇಳದೆ ಮಾತ್ರೆ ನಿಲ್ಲಿಸಬೇಡಿರಿ. ಹದಿನೆಂಟು ವರ್ಷಕ್ಕೇ ಮೊದಲ ಪರೀಕ್ಷೆ ಆಗಲಿ ಎಂದು ಅದೇ ಮಾರ್ಗಸೂಚಿ ಹೇಳುತ್ತದೆ. ನಲವತ್ತು ದಾಟಿದರೂ ಮಾಡಿಸದವರು ನಮ್ಮಲ್ಲಿ ಎಷ್ಟು ಮಂದಿ!

ಎಲ್ಲ ಎಚ್ಚರಿಕೆಯ ನಂತರವೂ ಎದೆನೋವು ಬರಬಹುದು. ಎದೆ ಬಿಗಿತ, ಎಡಗೈಗೆ ಅಥವಾ ದವಡೆಗೆ ಹರಡುವ ನೋವು, ತಣ್ಣನೆಯ ಬೆವರು, ಉಸಿರಾಟದ ತೊಂದರೆ ಕಂಡಾಗ “ಗ್ಯಾಸ್ ಆಗ್ಯದ” ಎಂದು ಸೋಡಾ ಕುಡಿದು ಮಲಗಬೇಡಿರಿ. ಸ್ತ್ರೀಯರಲ್ಲಿ, ಮಧುಮೇಹಿಗಳಲ್ಲಿ ನೋವಿಲ್ಲದೆಯೂ ಆಘಾತವಾಗಬಹುದು. ಕಲಬುರಗಿ ದೂರದಲ್ಲಿದೆ, ಆದರೆ 2024ರಲ್ಲಿ ಜಾರಿಗೆ ಬಂದ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಡಿ ರಾಜ್ಯದ ಹಲವು ತಾಲ್ಲೂಕು ಆಸ್ಪತ್ರೆಗಳಲ್ಲಿ ಇಸಿಜಿ ತೆಗೆದು, ಹೆಪ್ಪು ಕರಗಿಸುವ ದುಬಾರಿ ಚುಚ್ಚುಮದ್ದನ್ನು ಉಚಿತವಾಗಿ ನೀಡುವ ವ್ಯವಸ್ಥೆಯಾಗಿದೆ. ಅದೇ ವರ್ಷದ ಡಿಸೆಂಬರಿನಲ್ಲಿ ಕಲಬುರಗಿಯ ಜಯದೇವ ಹೃದ್ರೋಗ ಆಸ್ಪತ್ರೆಯ 371 ಹಾಸಿಗೆಗಳ ಹೊಸ ಕಟ್ಟಡವೂ ಉದ್ಘಾಟನೆಗೊಂಡಿದೆ. ನಿಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ಯಾವ ಸೌಲಭ್ಯವಿದೆಯೆಂದು ಆರೋಗ್ಯವಾಗಿರುವಾಗಲೇ ವಿಚಾರಿಸಿಡಿರಿ. ಮೊದಲ ಒಂದೆರಡು ಗಂಟೆಗಳಲ್ಲಿ ದೊರೆಯುವ ಚಿಕಿತ್ಸೆಗೆ ಸಮಾನವಾದುದು ಬೇರೊಂದಿಲ್ಲ.

ತಪಸ್ಸುಕಾಲದಲ್ಲಿ ನಾವು ಮಾಂಸ ತ್ಯಜಿಸುತ್ತೇವೆ. ಶ್ರಾವಣದಲ್ಲಿ, ರಂಜಾನಿನಲ್ಲಿ ನಮ್ಮ ನೆರೆಹೊರೆಯವರೂ ಉಪವಾಸವಿರುತ್ತಾರೆ. ಉಪವಾಸ ಮುಗಿದೊಡನೆ ಕರಿದ ತಿಂಡಿಗೆ ಕೈಚಾಚುವುದಾದರೆ ಆ ತ್ಯಾಗದಿಂದ ದೇಹಕ್ಕಾದರೂ ಏನು ಲಾಭ? ಮಿತಾಹಾರವು ನಲವತ್ತು ದಿನಗಳ ವ್ರತವಾಗಿ ಮುಗಿಯದೆ ವರ್ಷವಿಡೀ ನಮ್ಮ ಮನೆಯ ಮರ್ಯಾದೆಯಾಗಬೇಕು. ಅದಕ್ಕೆ ಒಂದು ಸಣ್ಣ ಪ್ರಾರಂಭವನ್ನು ಸೂಚಿಸುತ್ತೇನೆ. ಮುಂದಿನ ಬಾರಿ ಮನೆಗೆ ಗುರುಗಳು ಬಂದರೂ, ಬೀಗರು ಬಂದರೂ, ಬಿಸಿ ರೊಟ್ಟಿಯನ್ನೂ ಪುಂಡಿಪಲ್ಯವನ್ನೂ ನಾಚಿಕೆಯಿಲ್ಲದೆ ಬಡಿಸಿರಿ. ಬಡಿಸುವ ತಾಯಿಯೂ ಕೊನೆಯಲ್ಲಿ ಉಳಿದ ಅನ್ನವನ್ನಷ್ಟೇ ಉಣ್ಣದೆ ಎಲ್ಲರೊಂದಿಗೆ ಕುಳಿತು ಅದೇ ಊಟವನ್ನು ಉಣ್ಣಲಿ. ಆಕೆಯ ಎದೆಯಲ್ಲಿಯೂ ಬಡಿಯುತ್ತಿರುವುದು ಅಂತಹದೇ ಹೃದಯ.